ಎರಡು ಲೋಟ ಬಿಸಿನೀರು

ಮಾನ್ಯ ಟ್ರಸ್ಟಿಯವರೇ,

ನಿಮ್ಮ ಹೆಸರನ್ನಾಗಲಿ ವೃದ್ಧಾಶ್ರಮದ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಮುಂಬಯಿಯ ನಮ್ಮ ಕನ್ನಡ ಬಳಗಕ್ಕೆ ಸಂಗತಿ ಗೊತ್ತು, ನಿಮಗಂತೂ ಗೊತ್ತೇ ಇದೆ. ಮೂರು ಪತ್ರ, ಎರಡು ಭೇಟಿ, ಲೆಕ್ಕವಿಲ್ಲದಷ್ಟು ಫೋನು ಆದಮೇಲೆ ಈ ಬಹಿರಂಗ ಪತ್ರ.

ಶ್ರಾವಣದಲ್ಲಿ ಅಮ್ಮನನ್ನು ಸೇರಿಸುವಾಗ ನಾನು ಕೇಳಿದ್ದು ಇಷ್ಟು: ಬೆಳಿಗ್ಗೆ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ತಿಂಡಿಯಾದ ಮೇಲೆ ಕಕ್ಕಸಿನ ಬಾಗಿಲನ್ನು ಯಾರೂ ಬಡಿಯದ ಹದಿನೈದು ನಿಮಿಷ. "ಅಷ್ಟೇನಾ? ನಿಮ್ಮ ಅಮ್ಮ ನಮಗೂ ಅಮ್ಮನೇ" ಎಂದಿರಿ. ಆ ಮಾತು ನಂಬಿ ಮುಲುಂಡಿನ ಲೋಕಲ್ ಹತ್ತಿದೆ.

ಅಮ್ಮನ ಮಲಬದ್ಧತೆ ಇಪ್ಪತ್ತು ವರ್ಷದ್ದು. ಬಸಳೆ, ಹರಿವೆ, ಕುಚ್ಚಲಕ್ಕಿ ಗಂಜಿ ಬಿಟ್ಟು ಪಾವ್-ಬಟಾಟೆಯ ಊರಿಗೆ ಬಂದಾಗ ಶುರುವಾದದ್ದು. ಮೇಲೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಎರಡೂ ಹೊಟ್ಟೆ ಕಟ್ಟುವಂಥವೇ. ಮಾಟುಂಗಾ ಮಾರ್ಕೆಟ್ಟಿನಿಂದ ಸೊಪ್ಪು, ಬಾಳೆದಿಂಡು ಹೊತ್ತು ತಂದು, ಹೆಸರುಕಾಳು, ಪಪ್ಪಾಯಿ ಎಲ್ಲ ಸ್ವಲ್ಪಸ್ವಲ್ಪವೇ ಹೆಚ್ಚಿಸಿ (ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರ), ತುಂಬು ಲೋಟ ನೀರಿನಲ್ಲಿ ಇಸಬಗೋಲು ಕೊಟ್ಟು ದಾರಿಗೆ ತಂದಿದ್ದೆ. ಸಾಲದಿದ್ದರೆ ವೈದ್ಯರು ಬರೆದ ಲ್ಯಾಕ್ಟ್ಯುಲೋಸ್ ಸಿರಪ್. ಕರುಳನ್ನು ಬಡಿದೆಬ್ಬಿಸುವ ಬಿಸಾಕೊಡಿಲ್ ಗುಳಿಗೆ ಮೂರು ದಿನ ಏನೂ ಆಗದಿದ್ದರೆ ಮಾತ್ರ. ಇದನ್ನೆಲ್ಲ ಒಂದು ಹಾಳೆಯಲ್ಲಿ ಮರಾಠಿಯಲ್ಲೇ ಬರೆದುಕೊಟ್ಟಿದ್ದೆ.

ಆ ಹಾಳೆ ಎಲ್ಲಿ ಹೋಯಿತು?

ನಿಮ್ಮಲ್ಲಿ ಸಿಕ್ಕಿದ್ದು ಚಹಾ-ಬಿಸ್ಕತ್ತು, ಸಾಬುದಾಣೆ ಖಿಚಡಿ, ರಾತ್ರಿ ತಪ್ಪದೆ ಬಿಸಾಕೊಡಿಲ್. ಇಸಬಗೋಲು ಕೊಟ್ಟಿರಿ, ಎರಡು ಗುಟುಕು ನೀರಿನ ಜೊತೆ! ನೀರಿಲ್ಲದ ಇಸಬಗೋಲು ಒಳಗೆ ಊದಿ ಗಂಟಾಗುತ್ತದೆ. ಆದರೆ ಹಾಸಿಗೆ ಒದ್ದೆಯಾಗುತ್ತದೆಂದು ನಿಮ್ಮಲ್ಲಿ ಸಂಜೆಯ ಮೇಲೆ ನೀರು ಬಂದ್. ಬೆಳಿಗ್ಗೆ ಬಿಸಿನೀರು? "ಗ್ಯಾಸ್ ಹಚ್ಚುವುದು ಏಳೂವರೆಗೆ" ಎಂದಳು ನಿಮ್ಮ ಕೆಲಸದ ಮಾವಶಿ.

ನಿಮ್ಮಲ್ಲಿ ಹದಿಮೂರನೆಯ ದಿನ ಮಲ ನೀರುನೀರಾಗಿ ಸೋರತೊಡಗಿತು. ನಿಮ್ಮವರು ಅದು ಭೇದಿಯೆಂದು ನಿಲ್ಲಿಸುವ ಮಾತ್ರೆ ಕೊಟ್ಟರು. ಕಲ್ಲಾಗಿ ಕೂತ ಮಲದ ಪಕ್ಕದಿಂದ ಹಾಗೆ ಸೋರುವುದುಂಟು, ಮುದುಕರನ್ನು ನೋಡಿಕೊಳ್ಳಲು ಹಣ ಪಡೆಯುವವರಿಗೆ ಅಷ್ಟಾದರೂ ತಿಳಿದಿರಬೇಡವೇ? ಕೊನೆಗೆ ಆಸ್ಪತ್ರೆಯಲ್ಲಿ ಬೆರಳು ಹಾಕಿ ತೆಗೆದರು. ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಇದ್ದಳು.

ದೂರಿಗೆ ನಿಮ್ಮ ಉತ್ತರ: "ಈ ವಯಸ್ಸಿನಲ್ಲಿ ಎಲ್ಲರದೂ ಅದೇ ಪಾಡು." ಪಕ್ಕದಲ್ಲಿ ಕೂತವರು ನಕ್ಕರು. 2015ರ 'ಪೀಕು' ಚಿತ್ರದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆ ಕಟ್ಟಿದ ಅಪ್ಪನಾಗಿ ಗೊಣಗಿದಾಗ ನಾನೂ ನಕ್ಕವಳೇ. ಆ ಅಪ್ಪನಿಗೆ ಬೈದುಕೊಂಡಾದರೂ ಕೇಳುವ ಮಗಳು ಮನೆಯಲ್ಲೇ ಇದ್ದಳು. ನಿಮ್ಮಲ್ಲಿ ಹದಿನೆಂಟು ಮಂಚಕ್ಕೆ ಎರಡು ಕಕ್ಕಸು, ಕಾಲಿಡಲು ಒಂದು ಮಣೆಯಿಲ್ಲ, ಬೆಳಗಾದರೆ ಸಾಲು. ಅವಸರವಾದಾಗಲೆಲ್ಲ ತಡೆದುಕೊಂಡರೆ ಕರುಳು ಕರೆಯುವುದನ್ನೇ ಬಿಡುತ್ತದೆ.

ಹಿರಿಯ ನಾಗರಿಕರ 2007ರ ಕಾಯ್ದೆ ಹೆತ್ತವರನ್ನು ನೋಡದ ಮಕ್ಕಳನ್ನು ನ್ಯಾಯಮಂಡಳಿಯ ಮುಂದೆ ನಿಲ್ಲಿಸುತ್ತದೆ. ಮುಂಗಡ ಎಣಿಸಿಕೊಂಡು ನೀರು ಕೊಡದವರನ್ನು ಯಾರು ನಿಲ್ಲಿಸುತ್ತಾರೆ? ಈ ಊರಿನಲ್ಲಿ ಮಲಬದ್ಧತೆಯ ಬಗ್ಗೆ ಬಾಯಿಬಿಡುವುದು ಚೂರ್ಣದ ಜಾಹೀರಾತು ಮಾತ್ರ.

ಠೇವಣಿ ಹಿಂದಿರುಗಿಸುತ್ತೇನೆಂದಿರಿ. ಬೇಡ. ಅದರಲ್ಲಿ ಒಂದು ಕೆಟಲ್ ಕೊಳ್ಳಿ, ಆರಕ್ಕೇ ಹಚ್ಚಿಸಿ. ಅಮ್ಮನನ್ನು ಕರೆದುಕೊಂಡು ಹೊರಟಾಗ ಮೂಲೆಯ ಮಂಚದ ಅಜ್ಜಿ ನನ್ನ ಸೆರಗು ಹಿಡಿದು ಕೇಳಿದ್ದೂ ಅದನ್ನೇ, ಬಿಸಿನೀರು.

ಇತಿ,
ಮುಲುಂಡಿನ ಒಬ್ಬ ಮಗಳು