ದಾರಿ ಇದ್ದೂ ಹಿಡಿಯದಿದ್ದರೆ ಅದೇ ಪ್ರಮಾದ

ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಪ್ರಾಣಹರಣವನ್ನಷ್ಟೇ ಹೆಸರಿಸುವುದಿಲ್ಲ. ಅದರ ಹಿಂದಿರುವ ಪ್ರಮಾದವನ್ನೂ ಸೇರಿಸುತ್ತಾರೆ. ಪ್ರಮಾದವೆಂದರೆ ಕಷಾಯಕ್ಕೆ ವಶವಾಗಿ ಎಚ್ಚರ ತಪ್ಪಿದ ಮನಸ್ಸು. ಎಚ್ಚರದಿಂದ ನಡೆಯುವುದೇ ಯತ್ನಾಚಾರ.

ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತದ ಬಳಿಕ ಊಟ ಮಾಡದ ಮನೆಯಿಂದ ಕಾಲೇಜಿಗೆ ಹೋದವನು ನಾನು. ಅಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಮೇಣದ ತಟ್ಟೆಗೆ ಕಪ್ಪೆಯನ್ನು ಸೂಜಿಗಳಿಂದ ಚುಚ್ಚಿ, ಅಂಕಗಳಿಗಾಗಿ ಆ ಪಂಚೇಂದ್ರಿಯ ಜೀವಿಯ ಹೃದಯವನ್ನು ತೆರೆದು ತೋರಿಸಿದೆ. ಬೇರೆ ದಾರಿಯಿಲ್ಲವೆಂದೇ ನಂಬಿದ್ದೆ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು, ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠ ಸಾಗುವುದಾದರೆ ಕಾಲೇಜುಗಳಲ್ಲಿ ಪ್ರಾಣಿಪ್ರಯೋಗ ಬೇಡವೆಂದು ಆಗಲೇ ಹೇಳಿತ್ತು. ಆ ಮಾತು ನನಗೆ ತಿಳಿದದ್ದು ಬಹಳ ತಡವಾಗಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಇಂಥ ಪ್ರಾಣಿಛೇದನವನ್ನು ನಿಲ್ಲಿಸುವಂತೆ ಸೂಚಿಸಿದ್ದು 2014ರಲ್ಲಿ. ನಡುವೆ 54 ವರ್ಷಗಳು ಕಳೆದಿದ್ದವು. ಈ ವಿಳಂಬಕ್ಕೆ ಕಾರಣ ಕ್ರೌರ್ಯವಲ್ಲ, ರೂಢಿ. ರೂಢಿಯೂ ಪ್ರಮಾದದ ಒಂದು ಮುಖವೇ.

ಸಂಶೋಧನೆಯ ಕ್ಷೇತ್ರದಲ್ಲಿಯೂ ಇದೇ ಪ್ರಶ್ನೆಯಿದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಬ್ರಿಟಿಷ್ ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಾದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನವನ್ನು ಬಳಸುವುದು, ಪ್ರಾಣಿಗಳ ಸಂಖ್ಯೆಯನ್ನು ಇಳಿಸುವುದು, ಅನಿವಾರ್ಯವಾದಲ್ಲಿ ಅವುಗಳ ನೋವನ್ನು ತಗ್ಗಿಸುವುದು. ಅವರು ಜೈನರಲ್ಲ, ಆದರೂ ಅದು ಯತ್ನಾಚಾರದ ಮಾತೇ.

ಒಂದು ಉದಾಹರಣೆ ನೋಡೋಣ. ಚುಚ್ಚುಮದ್ದಿನಲ್ಲಿ ಜ್ವರ ತರುವ ವಿಷಾಂಶವಿದೆಯೇ ಎಂದು ತಿಳಿಯಲು ಹಿಂದೆ ಅದನ್ನು ಮೊಲದ ಕಿವಿಯ ರಕ್ತನಾಳಕ್ಕೆ ಚುಚ್ಚಿ ಮೈಯ ಬಿಸಿಯನ್ನು ಅಳೆಯುತ್ತಿದ್ದರು. ಮುಂದೆ ಕುದುರೆಲಾಳದ ಆಕಾರದ ಸಮುದ್ರಜೀವಿಯೊಂದರ ನೀಲಿ ರಕ್ತವನ್ನು ತೆಗೆದು ಬಳಸತೊಡಗಿದರು. ಆ ರಕ್ತದಲ್ಲಿ ಕೆಲಸ ಮಾಡುವ ಪ್ರೋಟೀನನ್ನು ಸಿಂಗಪುರದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿಯೇ ತಯಾರಿಸುವ ಬಗೆಯನ್ನು ಕಂಡುಕೊಂಡರು. 2021ರಿಂದ ಯುರೋಪಿನ ಔಷಧ ಸಂಹಿತೆಯೂ ಈ ವಿಧಾನಕ್ಕೆ ಸ್ಥಾನ ನೀಡಿದೆ. ದಾರಿ ಹೀಗೆ ತೆರೆಯುತ್ತದೆ.

ಎಲ್ಲ ರೋಗಗಳ ಸಂಶೋಧನೆಗೂ ಇಂಥ ಬದಲಿ ಇಂದು ಸಿದ್ಧವಿಲ್ಲ. ಮಿದುಳಿನ ಬೇನೆಯಂಥ ಜಟಿಲ ವಿಷಯಗಳಲ್ಲಿ ಗಾಜಿನ ತಟ್ಟೆಯ ಜೀವಕೋಶಗಳು ಪೂರ್ಣ ಉತ್ತರ ಕೊಡಲಾರವು. ಔಷಧವನ್ನೇ ತ್ಯಜಿಸಿರೆಂದು ರೋಗಿಗೆ ಹೇಳುವುದು ಧರ್ಮವೂ ಅಲ್ಲ, ದಯೆಯೂ ಅಲ್ಲ. ಆದರೆ 'ಅನಿವಾರ್ಯ' ಎಂಬ ಮಾತಿಗೆ ಆಯುಷ್ಯವುಂಟು. ಬದಲಿ ದೊರೆತ ದಿನವೇ ಅದು ಮುಗಿಯುತ್ತದೆ. ಆಮೇಲೆಯೂ ಹಳೆಯ ದಾರಿಯನ್ನು ಬಿಡದಿದ್ದರೆ ಅದು ಪ್ರಮಾದ.

ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ಕೊನೆಯದು ಶ್ರಾವಕರಾದ ನಮ್ಮನ್ನು ನೇರವಾಗಿ ತಟ್ಟುತ್ತದೆ. ಪ್ರಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರಲ್ಲಿ ನಿಷೇಧಿಸಿತು. ಹೊಸ ಔಷಧಗಳ ಪರೀಕ್ಷೆಗೆ ಪ್ರಾಣಿರಹಿತ ವಿಧಾನಗಳನ್ನು 2023ರ ನಿಯಮಗಳು ಮಾನ್ಯ ಮಾಡಿವೆ. ಇನ್ನು ಬೇಕಾದುದು ಆ ವಿಧಾನಗಳನ್ನು ಕಲಿತವರು ಮತ್ತು ಅದಕ್ಕೆ ಹಣ. ನಮ್ಮ ಸಮಾಜವು ಗೋಶಾಲೆಗಳಿಗೂ ಪಕ್ಷಿಗಳ ಆಸ್ಪತ್ರೆಗಳಿಗೂ ಉದಾರವಾಗಿ ದಾನ ನೀಡುತ್ತ ಬಂದಿದೆ. ಈ ವಿದ್ಯೆಯನ್ನು ಕಲಿಯಬಯಸುವ ಒಬ್ಬ ವಿದ್ಯಾರ್ಥಿಗೆ ನೀಡುವ ನೆರವೂ ಅಭಯದಾನವೇ ಆದೀತು. ಆ ಕಪ್ಪೆಗೆ ನಾನು ಏನನ್ನೂ ಹಿಂದಿರುಗಿಸಲಾರೆ, ಇಷ್ಟನ್ನಾದರೂ ಮಾಡಬಲ್ಲೆ.