ಮುಖಕ್ಕೆ ಮಸಿ, ಸೊಂಟಕ್ಕೆ ಸೊಪ್ಪು

ಪ್ರತಿಭಾ ಕಾರಂಜಿಯ ಜಾನಪದ ನೃತ್ಯಕ್ಕೆ ನಮ್ಮ ಕಡೆಯ ಎಷ್ಟೋ ಶಾಲೆಗಳಲ್ಲಿ ಒಂದು ಖಾಯಂ ಐಟಂ ಇದೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಖ ಮೈಗೆಲ್ಲ ಕರೀ ಬಣ್ಣ ಬಳಿಯುವುದು, ಸೊಂಟಕ್ಕೆ ಸೊಪ್ಪು ಕಟ್ಟುವುದು, ಕೈಗೊಂದು ಕೋಲು ಕೊಟ್ಟು ಕಿರುಚಿಸುವುದು. ಹೆಸರು ‘ಆದಿವಾಸಿ ನೃತ್ಯ’. ಬಣ್ಣ ಬಳಿಯುತ್ತಿದ್ದ ಮೇಡಂ ಒಬ್ಬರು ಸಾಲಿನ ಕೊನೆಯ ಹುಡುಗನ ಹತ್ತಿರ ಬಂದು, “ನಿಂಗ್ಯಾಕೋ ಬಣ್ಣ, ದೇವ್ರೇ ಬಳ್ದು ಕಳ್ಸವ್ನೆ” ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಎಲ್ಲರೂ ನಕ್ಕರು. ಹುಡುಗನೂ ನಕ್ಕ, ಇನ್ನೇನು ಮಾಡಿಯಾನು? ಆ ತಂಡಕ್ಕೆ ಬಹುಮಾನ ಬೇರೆ ಬಂತು.

ಇದಕ್ಕೆ ನಾವು ಮಕ್ಕಳ ಪ್ರತಿಭೆ ಅರಳಿಸುವುದು ಅನ್ನುತ್ತೇವೆ. ನಮ್ಮದು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇದರಲ್ಲಿ ಕೊರಟಗೆರೆ, ಪಾವಗಡ ಎರಡೂ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಬಂಡಾಯ ಸಾಹಿತಿ ಬರಗೂರು ರಾಮಚಂದ್ರಪ್ಪನವರ ಊರು ಬರಗೂರು ಇರುವುದು ಶಿರಾ ತಾಲೂಕಿನಲ್ಲಿ. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಕುಸಿಯಿತು ಎಂದು ಅಧಿಕಾರಿಗಳ ನಿದ್ದೆ ಹಾರುತ್ತದೆ. ಈ ಮಕ್ಕಳ ಅಜ್ಜಂದಿರು ಯಾರು, ಏನು ಉಂಡರು, ಏನು ಬಾರಿಸಿದರು, ಯಾರ ಕೆರೆಯ ಮಣ್ಣು ಹೊತ್ತರು ಎಂಬುದಕ್ಕೆ ಮಾತ್ರ ಒಂದು ಮಾರ್ಕೂ ಇಲ್ಲ.

ಇಂಥ ಲೆಕ್ಕಕ್ಕಿಲ್ಲದ ಚರಿತ್ರೆಗೆ ಜಾಗ ಮಾಡಿಕೊಟ್ಟ ಕಾರ್ಟರ್ ವುಡ್ಸನ್ ಅಂತ ಒಬ್ಬರು ಅಮೆರಿಕದಲ್ಲಿದ್ದರು. ಗುಲಾಮರಾಗಿದ್ದವರ ಮಗ, ಕಲ್ಲಿದ್ದಲ ಗಣಿಯಲ್ಲಿ ದುಡಿದವರು, ಆಮೇಲೆ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದವರು. 1926ರ ಫೆಬ್ರವರಿಯಲ್ಲಿ ಕಪ್ಪು ಜನರ ಚರಿತ್ರೆಗೆಂದೇ ಒಂದು ವಾರ ಶುರುಮಾಡಿದರು. ಯಾರ ಸುತ್ತೋಲೆಗೂ ಕಾಯಲಿಲ್ಲ. ಕಪ್ಪು ಮಕ್ಕಳ ಶಾಲೆಗಳಲ್ಲಿ, ಚರ್ಚುಗಳಲ್ಲಿ ಅದು ಬೇರುಬಿಟ್ಟಿತು. ಅದು ತಿಂಗಳಿಡೀ ನಡೆಯುವ ಆಚರಣೆಯಾಗಿ ಅಲ್ಲಿನ ಸರ್ಕಾರದ ಬಾಯಲ್ಲಿ ಬಂದದ್ದು 1976ರಲ್ಲಿ.

ನಮ್ಮ ತಿಂಗಳು ಏಪ್ರಿಲ್. 5ಕ್ಕೆ ಜಗಜೀವನ್ ರಾಂ ಜಯಂತಿ, 11ಕ್ಕೆ ಫುಲೆ ಜಯಂತಿ, 14ಕ್ಕೆ ಬಾಬಾಸಾಹೇಬ ಅಂಬೇಡ್ಕರ್ ಜಯಂತಿ. ತಾಲೂಕು ಕಚೇರಿಯಲ್ಲಿ ಪೂರ್ವಭಾವಿ ಸಭೆ, ಪಲ್ಲಕ್ಕಿ ಯಾವ ಬೀದಿಯಲ್ಲಿ ಹೋಗಬೇಕೆಂಬ ಜಗಳ, ಶಾಲು, ಪೇಟ, ಫಲತಾಂಬೂಲ. ಸ್ವಾಮಿ, ಶಾಲೆಗೆ ಬೇಸಿಗೆ ರಜೆ ಸಿಗುವುದೇ ಏಪ್ರಿಲ್ 10ರ ಹೊತ್ತಿಗೆ. ಹಾಸ್ಟೆಲ್ ಹುಡುಗರು ಟ್ರಂಕು ಎತ್ತಿಕೊಂಡು ಹೋಗಿ ಆಗಿರುತ್ತದೆ, ಕೆಲವರು ಊರಿಗೆ, ಕೆಲವರು ಅಪ್ಪ ಅಮ್ಮ ಗಾರೆ ಕೆಲಸಕ್ಕಿರುವ ಬೆಂಗಳೂರಿನ ಶೆಡ್ಡಿಗೆ. ಯಾರಿಗೆ ಹೇಳಬೇಕಿತ್ತೋ ಅವರೇ ಇಲ್ಲದ ಪೆಂಡಾಲಿನಲ್ಲಿ, ಮುಂದಿನ ಸಾಲಿನಲ್ಲಿ ಕೂತ ಇಲಾಖೆಯವರಿಗೆ ಇಲಾಖೆಯವರೇ ಭಾಷಣ ಮಾಡುತ್ತಾರೆ.

ಇಂಥ ಭಾಷಣಗಳಿಂದ ಏನು ಬದಲಾಯಿತು? 2019ರ ಸೆಪ್ಟೆಂಬರ್. ಚಿತ್ರದುರ್ಗದ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲೂಕಿನ ಪೆಮ್ಮನಹಳ್ಳಿಯ ಗೊಲ್ಲರಹಟ್ಟಿಗೆ ಬಂದರು. ದಲಿತ ಎಂದು ಹಟ್ಟಿಯ ಹೊರಗೇ ತಡೆದರು. ಸಂಸತ್ತಿನಲ್ಲಿ ಕೂರುವ ಮನುಷ್ಯ ಹಟ್ಟಿಯಾಚೆ ಕುರ್ಚಿ ಹಾಕಿಸಿಕೊಂಡು ಕೂತು ಹಿಂದಿರುಗಿದರು. ಆಮೇಲೆ ಕರೆದು ಒಳಗೆ ಬರಮಾಡಿಕೊಂಡರು, ನಿಜ. ತಡೆದವರೇನು ಜಮೀನ್ದಾರರೆ? ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯುತ್ತಿರುವ ಕಾಡುಗೊಲ್ಲರು, ತಮ್ಮ ದೈವ ಜುಂಜಪ್ಪನ ಕಾವ್ಯವನ್ನು ನಾಲಿಗೆಯ ಮೇಲೇ ಕಾಪಾಡಿಕೊಂಡು ಬಂದವರು. ನನ್ನ ಸಿಟ್ಟು ಇಲ್ಲಿ ಇಬ್ಬಗೆಯಾಗುತ್ತದೆ. ದಲಿತ ಕೇರಿಯ, ಗೊಲ್ಲರಹಟ್ಟಿಯ ಮಕ್ಕಳನ್ನು ಒಂದು ವಾರ ಒಟ್ಟಿಗೆ ಕೂರಿಸಿ ಅವರವರ ತಾತನ ಕಥೆ ಕೇಳಿಸುವ ಒಂದು ಶಿಬಿರವನ್ನಾದರೂ ಮಾಡಿದಿರಾ?

ಕಥೆ ಕೇಳದೆ ಮೈಯನ್ನಷ್ಟೇ ಬಳಸಿಕೊಳ್ಳುವುದು ಹೇಗೆಂದು ತಿಳಿಯಲು ಉತ್ತರ ಕನ್ನಡದ ಸಿದ್ದಿಗಳನ್ನು ನೋಡಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ವಂಶದವರು. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರ ಅವರ ಮಕ್ಕಳನ್ನು ಆರಿಸಿ ಓಟಕ್ಕೆ ತಯಾರು ಮಾಡಲು ಹೊರಟಿತು. ಆಫ್ರಿಕಾದ ರಕ್ತ, ಪದಕ ಗ್ಯಾರಂಟಿ ಎಂಬ ಲೆಕ್ಕ. ಕೆಲವೇ ವರ್ಷದಲ್ಲಿ ಯೋಜನೆ ನಿಂತಿತು, ಹುಡುಗರು ವಾಪಸ್ ಕಾಡಿಗೆ. ಅವರ ಕಾಲು ಬೇಕಿತ್ತು, ಅವರ ಡಮಾಮಿ ಕುಣಿತ ಬೇಕಿರಲಿಲ್ಲ.

ನಮ್ಮಲ್ಲೂ ಅದೇ. ತಮಟೆಯನ್ನು ಬೆಂಕಿಗೆ ಹಿಡಿದು, ಚರ್ಮ ಬಿಗಿಯಾಗಿ ಕಂಚಿನಂತೆ ಸದ್ದು ಕೊಡುವ ತನಕ ಕಾಯಿಸಿ, ಎಡಗೈಯ ಸಣ್ಣ ಕಡ್ಡಿ ಬಲಗೈಯ ದಪ್ಪ ಕಡ್ಡಿ ಎರಡಕ್ಕೂ ಬೇರೆ ಬೇರೆ ಮಾತು ಕಲಿಸುವುದು ವರ್ಷಗಳ ವಿದ್ಯೆ. ಪಕ್ಕದ ಚಿಕ್ಕಬಳ್ಳಾಪುರದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಇದೇ ವಿದ್ಯೆಗೆ 2023ರಲ್ಲಿ ಪದ್ಮಶ್ರೀ ಬಂತು. ಅಕ್ಷರ ಕಲಿಯದೆ ಸಾವಿರಾರು ಹೆರಿಗೆ ಮಾಡಿಸಿದ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಬಂತು. ದೆಹಲಿಗೆ ಕಂಡದ್ದು ನಮ್ಮ ಶಾಲೆಯ ಕಾಂಪೌಂಡಿಗೆ ಕಾಣುವುದಿಲ್ಲ. ಜಾತ್ರೆಯಲ್ಲಿ ತಮಟೆ ಬಾರಿಸಲು ಬಾ, ಗರ್ಭಗುಡಿಯ ಕಡೆ ಬರಬೇಡ. ಮೆರವಣಿಗೆಯಲ್ಲಿ ಮಂತ್ರಿಗಳ ಮುಂದೆ ನಡೆ, ವೇದಿಕೆ ಹತ್ತಬೇಡ. ಕೊನೆಗೆ ಕೂಲಿ ಕೇಳಿದರೆ “ಬಿಲ್ ಆಗಿಲ್ಲ ಕಣಪ್ಪ, ಮುಂದಿನ ವಾರ ಬಾ.”

ಜೂನ್‌ನಲ್ಲಿ ಶಾಲೆ ನಡೆಯುತ್ತಿರುವಾಗ ಈ ನಾಲ್ಕು ತಾಲೂಕಿನ ಹಾಸ್ಟೆಲ್‌ಗಳಿಗೆ ತಮಟೆಯವರನ್ನು, ಅರೆವಾದ್ಯದವರನ್ನು, ಗಣೆ ಊದುವ ಗೊಲ್ಲರನ್ನು ಮೇಷ್ಟ್ರುಗಳಾಗಿ ಕರೆಯಿರಿ. ಸಂಪನ್ಮೂಲ ವ್ಯಕ್ತಿಗಳೆಂದು ಊರೂರು ತಿರುಗುವ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಗೌರವಧನ ಕೊಡಿ, ಅದೂ ಅವತ್ತೇ, ಕೈಗೆ. ಪ್ರತಿಭಾ ಕಾರಂಜಿಗೆ ಅವರನ್ನೇ ತೀರ್ಪುಗಾರರಾಗಿ ಕೂರಿಸಿ. ಕರೀ ಬಣ್ಣದ ಡಬ್ಬಿ ಖರೀದಿಸಿದ ಬಿಲ್ಲಿಗೆ ಬಿಇಒ ಕಚೇರಿ ಸಹಿ ಹಾಕುವುದನ್ನು ಈ ವರ್ಷದಿಂದಲೇ ನಿಲ್ಲಿಸಲಿ.