ಹತ್ತನೆಯ ತಾಸು ಮತ್ತು ಇಪ್ಪತ್ತನೆಯ ಆಳು

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳ ದಿನದ ದುಡಿಮೆಯನ್ನು ಒಂಬತ್ತು ತಾಸುಗಳಿಂದ ಹತ್ತಕ್ಕೆ ಏರಿಸಲು ಮಹಾರಾಷ್ಟ್ರ ಮಂತ್ರಿಮಂಡಲವು 2025ರ ಸೆಪ್ಟೆಂಬರದಲ್ಲಿ ಒಪ್ಪಿಗೆಯಿತ್ತಿತು. ವಿರಾರದಿಂದಲೂ ಕಲ್ಯಾಣದಿಂದಲೂ ಲೋಕಲ್ ಗಾಡಿಯಲ್ಲಿ ನಿಂತು ಬರುವ ನಮ್ಮ ಗುಮಾಸ್ತರಿಗೆ ಇದರಿಂದ ಕಳವಳ ಉಂಟಾದುದು ಸಹಜವೇ. ಆದರೆ ವಾರಕ್ಕೆ 48 ತಾಸುಗಳೆಂಬ ಮಿತಿ ಬದಲಾಗಲಿಲ್ಲ. ಹೆಚ್ಚಿನ ದುಡಿಮೆಗೆ ಇಮ್ಮಡಿ ಪಗಾರವೆಂಬ ನಿಯಮವೂ ಉಳಿಯಿತು. ನಮ್ಮ ಮಟ್ಟಿಗೆ, ಹತ್ತನೆಯ ತಾಸಿಗಿಂತ ಹೆಚ್ಚು ವಿಚಾರಾರ್ಹವಾದ ಅಂಶವು ಅದೇ ನಿರ್ಣಯದ ಇನ್ನೊಂದು ಮೂಲೆಯಲ್ಲಿದೆ.

1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯು ಆಳುಗಳ ಸಂಖ್ಯೆಯನ್ನು ನೋಡದೆ ಚಿಕ್ಕ ಚಹದಂಗಡಿಯನ್ನೂ ಹಿಡಿದಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಕಾಯಿದೆಯು ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವಲ್ಲಿ ಸೂಚನಾಪತ್ರವೊಂದನ್ನು ಕೊಟ್ಟರೆ ಸಾಕೆಂದಿತು. 2025ರ ನಿರ್ಣಯವು ಆ ಗೆರೆಯನ್ನು ಇಪ್ಪತ್ತಕ್ಕೆ ಒಯ್ದಿತು. ಮಾಟುಂಗದಿಂದ ಡೊಂಬಿವಲಿಯವರೆಗೆ ನಮ್ಮವರು ನಡೆಸುವ ಹೋಟೆಲುಗಳಲ್ಲಿ ಹನ್ನೆರಡು, ಹದಿನೈದು ಜನ ದುಡಿಯುವಂಥವು ಎಷ್ಟಿಲ್ಲ! ಅಲ್ಲಿಯ ಭಟ್ಟರಿಗೂ ಮಾಣಿಗೂ ಈ ಕಾಯಿದೆಯ ವಾರದ ರಜೆಯಾಗಲಿ, ವರ್ಷದ ಎಂಟು ದಿನಗಳ ಸಾಂದರ್ಭಿಕ ರಜೆಯಾಗಲಿ, ಹಬ್ಬದ ರಜೆಯಾಗಲಿ ಹಕ್ಕಾಗಿ ದೊರೆಯದು.

ತಾಸುಗಳನ್ನು ಎಣಿಸಿದ ಮಾತ್ರಕ್ಕೆ ಹೋಟೆಲಿನ ದಣಿವು ತಿಳಿಯುವುದಿಲ್ಲ. ಬೆಳಗಿನ ಐದಕ್ಕೆ ಒಲೆ ಹೊತ್ತಿದರೆ ಮಧ್ಯಾಹ್ನದ ಊಟದ ಗದ್ದಲ ಮುಗಿಯುವವರೆಗೆ ಉಸಿರಾಡಲು ಬಿಡುವಿಲ್ಲ. ಮೂರರಿಂದ ಐದರ ತನಕ ವಿಶ್ರಾಂತಿ. ಅದೂ ಅಡುಗೆಮನೆಯ ಮೇಲಿನ ಮಾಳಿಗೆಯಲ್ಲಿ, ಅದೇ ಹೊಗೆಯಲ್ಲಿ. ಆಮೇಲೆ ರಾತ್ರಿ ಹನ್ನೊಂದರ ವರೆಗೆ ಮತ್ತೆ ಕಾಲ ಮೇಲೆ. ಇಂಥ ತುಂಡು ದುಡಿಮೆಯನ್ನು ಅರಿತೇ 2017ರ ಕಾಯಿದೆಯು ಕೆಲಸ, ಬಿಡುವು ಎರಡೂ ಸೇರಿ ದಿನಕ್ಕೆ ಹತ್ತೂವರೆ ತಾಸು, ಬಿಟ್ಟುಬಿಟ್ಟು ಮಾಡುವ ಕೆಲಸಕ್ಕೆ ಹನ್ನೆರಡು ತಾಸು ಮೀರಕೂಡದೆಂದು ವಿಧಿಸಿತ್ತು. ಮೇಲೆ ಹೇಳಿದ ದಿನವಾದರೋ ಹದಿನೆಂಟು ತಾಸಿನದು.

ಕೆಲಸದ ಒತ್ತಡವು ಬಹುಕಾಲ ಪರಿಹಾರವಿಲ್ಲದೆ ಉಳಿದಾಗ ಮನುಷ್ಯನು ಹೇಗೆ ಬಳಲುವನೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿತು: ಶಕ್ತಿ ಉಡುಗುವುದು, ಕೆಲಸದಲ್ಲಿ ಜುಗುಪ್ಸೆ ಹುಟ್ಟುವುದು, ಕೆಲಸ ಕೈಗೂಡದಿರುವುದು. ಇದನ್ನದು ರೋಗವೆಂದು ಕರೆಯದೆ ದುಡಿಮೆಯಿಂದ ಬರುವ ಸ್ಥಿತಿಯೆಂದಿತು. ಗಲ್ಲಾದ ಮೇಲೆ ಕುಳಿತಿದ್ದ ದಿನಗಳಲ್ಲಿ ನಾವು ಇದನ್ನೇ ಮೈಗಳ್ಳತನವೆಂದು ಬೈದದ್ದುಂಟು. ನಿದ್ದೆಗಣ್ಣಿನಲ್ಲಿ ಗ್ಲಾಸು ಒಡೆದವನ ಪಗಾರದಲ್ಲಿ ಅದರ ಬೆಲೆಯನ್ನು ಮುರಿದುಕೊಂಡೆವು. ಅವನನ್ನು ನಾಲ್ಕೂವರೆಗೆ ಎಬ್ಬಿಸಿದವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

ಜಾಗದ ಬಾಡಿಗೆ ಏರಿದೆ, ಊರಿನಿಂದ ಹುಡುಗರು ಬರುವುದಿಲ್ಲ, ಎರಡು ಪಾಳಿಗೆ ಜನವೆಲ್ಲಿ ಎಂದು ಮಾಲಕರು ಕೇಳುವರು. ಸುಳ್ಳಲ್ಲ. ಆದರೆ ಹಿಂದೆ ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದ ಹೋಟೆಲು ಹುಡುಗರನ್ನು ಸಂಜೆಯ ವ್ಯಾಪಾರದ ನಡುವೆಯೇ ಬಿಟ್ಟುಕೊಟ್ಟವರೂ ಮಾಲಕರೇ. ಅದನ್ನು ಮಾಡಿದವರಿಗೆ ವಾರಕ್ಕೊಂದು ಪೂರ್ಣ ರಜೆಯನ್ನು ಸರದಿಯಂತೆ ಕೊಡುವುದು ಅಸಾಧ್ಯವೇನಲ್ಲ. ನಮ್ಮವರೇ ಮುಂದಾಳುಗಳಾಗಿರುವ ಮಾಲಕರ ಸಂಘಗಳು, ಇಪ್ಪತ್ತಕ್ಕಿಂತ ಕಡಿಮೆ ಆಳುಗಳಿರುವ ಹೋಟೆಲುಗಳಲ್ಲಿಯೂ ಆ ಸರದಿಯ ಪಟ್ಟಿಯನ್ನು ಗೋಡೆಗೆ ಹಚ್ಚಬೇಕೆಂಬ ಠರಾವನ್ನು ಮುಂದಿನ ಸಭೆಗೆ ತರಲಿ.